ಆರು ತಾಸು ಕೂಡಿಸಿರಿ

ಮಿಶಿಗನ್‌ನ ಟ್ರಾಯ್ ಊರಿನ ಸುತ್ತಮುತ್ತಲಿನಿಂದ ಟಾಂಜಾನಿಯಾಕ್ಕೆ ಹೊರಟ ಯಾವ ಕನ್ನಡದವರೂ ನಮ್ಮಪ್ಪನನ್ನು ಕೇಳದೆ ವಿಮಾನ ಹತ್ತುತ್ತಿರಲಿಲ್ಲ. ವರ್ಷಕ್ಕೆ ಎರಡೋ ಮೂರೋ ಕುಟುಂಬ. ಮಕ್ಕಳಿಗೆ ಸಿಂಹ ತೋರಿಸಬೇಕು, ಆನೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬೇಕು ಅಂತ ಟಿಕೆಟ್ ಮಾಡಿಸಿಬಿಡುತ್ತಿದ್ದರು. ಟಿಕೆಟ್ ಕೈಗೆ ಬಂದ ಮೇಲೆ ಹೆದರಿಕೆ ಶುರುವಾಗುತ್ತಿತ್ತು. ಆಗ ಯಾರೋ ಹೇಳುತ್ತಿದ್ದರು, ‘ಬಸಯ್ಯ ಅಂಕಲ್ ಅಲ್ಲಿ ಇದ್ದು ಬಂದೋರು, ಒಂದ್ಸಲ ಊಟಕ್ಕೆ ಕರೀರಿ.’

ಅಪ್ಪ ಅಲ್ಲಿ ಇದ್ದದ್ದು ಹದಿನಾಲ್ಕು ತಿಂಗಳು. ಎಪ್ಪತ್ತೆಂಟರಲ್ಲಿ ರಾಣೇಬೆನ್ನೂರಿನಿಂದ ಹೋಗಿ, ತಬೋರಾದ ಆಚೆ ಕಿಸಂಬಾ ಎಂಬ ಊರಿನ ಶಾಲೆಯಲ್ಲಿ ಲೆಕ್ಕ ಕಲಿಸಿದ. ಎಷ್ಟು ತಿಂಗಳು ಅಂತ ಇಲ್ಲಿ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಿಶಿಗನ್‌ಗೆ ಬಂದ ಮೇಲೆ ವಾರೆನ್‌ನ ಒಂದು ಕಾರ್ಖಾನೆಯಲ್ಲಿ ಹದಿನಾರು ವರ್ಷ ಬೋಲ್ಟಿನ ದಪ್ಪ ಅಳೆದ. ಅಲ್ಲಿ ಅವನನ್ನು ಯಾರೂ ಸರ್ ಅನ್ನಲಿಲ್ಲ. ಈ ಊಟದ ಭಾನುವಾರಗಳಲ್ಲಿ ಮಾತ್ರ ಅವನು ಮತ್ತೆ ಮಾಸ್ತರನಾಗುತ್ತಿದ್ದ. ಸೋಫಾದ ನಡುವೆ ಕೂತು, ಕಾಲ ಮೇಲೆ ಕಾಲು ಹಾಕಿ, ‘ಬರಕೋರಿ’ ಅನ್ನುತ್ತಿದ್ದ. ಟಿ.ವಿ. ದೊಡ್ಡದಿರುವ ಮನೆಗಳ ಇಂಜಿನಿಯರುಗಳು ಪೆನ್ನು ಹುಡುಕುತ್ತಿದ್ದರು.

ಆಮೇಲೆ ಬರೆದುಕೊಳ್ಳುವುದು ಬೇಡವೆಂದು ಪಟ್ಟಿಯನ್ನೇ ಮಾಡಿಸಿದ. ನಾಲ್ಕು ಪುಟ. ಕನ್ನಡದಲ್ಲಿ ಟೈಪ್ ಮಾಡಿದವನು ನಾನು. ಅವನ ಕಣ್ಣಿಗೆ ಪೊರೆ ಬಂದಿತ್ತು. ಕಾರು ಓಡಿಸುವುದನ್ನು ಬಿಟ್ಟಿದ್ದ, ಓದುವುದನ್ನೂ ಹೆಚ್ಚುಕಡಿಮೆ ಬಿಟ್ಟಿದ್ದ. ಪಟ್ಟಿ ಬಾಯಿಪಾಠವಿತ್ತು. ಹಳದಿ ಜ್ವರದ ಸೂಜಿ ಹಾಕಿಸಿಕೊಂಡ ಕಾರ್ಡನ್ನು ಪಾಸ್‌ಪೋರ್ಟಿನ ಒಳಗೇ ಇಡಿ. ಮಲೇರಿಯಾ ಗುಳಿಗೆಯನ್ನು ಹೋಗುವ ಮೊದಲೇ ಶುರುಮಾಡಿ, ಬಂದ ಮೇಲೂ ಡಾಕ್ಟರು ಹೇಳಿದಷ್ಟು ದಿನ ಬಿಡಬೇಡಿ. ನಾವು ಇಂಡಿಯಾದ ಸೊಳ್ಳೆ ಕಂಡವರು, ನಮಗೇನೂ ಆಗುವುದಿಲ್ಲ ಎಂಬ ಜಂಬ ಬೇಡ. ಹಳೆಯ ಡಾಲರ್ ನೋಟು ಒಯ್ಯಬೇಡಿ, ತೆಗೆದುಕೊಳ್ಳುವುದಿಲ್ಲ. ಪೊಲೀಸರ, ಸೇತುವೆಯ, ಸ್ಟೇಶನ್ನಿನ ಫೋಟೊ ತೆಗೆಯಬೇಡಿ. ಏನು ಕೇಳುವುದಿದ್ದರೂ ಮೊದಲು ನಮಸ್ಕಾರ ಹೇಳಿ, ಆರೋಗ್ಯ ವಿಚಾರಿಸಿ, ಆಮೇಲೆ ಕೇಳಿ. ಕಾಡಿಗೆ ಹೋಗುವಾಗ ನೀಲಿ, ಕಪ್ಪು ಬಟ್ಟೆ ತೊಡಬೇಡಿ, ಒಂದು ಜಾತಿಯ ನೊಣ ಹುಡುಕಿಕೊಂಡು ಬಂದು ಕಚ್ಚುತ್ತದೆ. ಎಲ್ಲವೂ ಖರೆ. ಹೋಗಿ ಬಂದವರು ಫೋನ್ ಮಾಡಿ ಹೊಗಳುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚು ಹೊಗಳಿಸಿಕೊಂಡದ್ದು ಏಳನೆಯ ಸಾಲು. ‘ಅಲ್ಲಿಯವರಿಗೆ ಹೊತ್ತಿನ ಖಬರಿಲ್ಲ. ಅವರು ತಮ್ಮ ಭಾಷೆಯಲ್ಲಿ ಯಾವ ಗಂಟೆ ಹೇಳಿದರೂ ಅದಕ್ಕೆ ಆರು ತಾಸು ಕೂಡಿಸಿರಿ.’

ಈ ಸಾಲಿಗೆ ಬಂದಾಗ ಜನ ನಗುತ್ತಿದ್ದರು. ‘ಆರು ಗಂಟೇನಾ ಅಂಕಲ್? ನಮ್ಮ ಕನ್ನಡ ಕೂಟದವರೇ ವಾಸಿ ಬಿಡಿ, ಎರಡು ಗಂಟೆ ಲೇಟು ಅಷ್ಟೇ.’ ಅಪ್ಪ ನಗುತ್ತಿರಲಿಲ್ಲ. ನಗು ನಿಲ್ಲುವ ತನಕ ಕಾದು, ಕಥೆ ಹೇಳುತ್ತಿದ್ದ. ನಾನು ಅದನ್ನು ನೂರು ಸಲ ಕೇಳಿದ್ದೇನೆ.

‘ನಗಬ್ಯಾಡ್ರಿ. ನನ್ನ ಹೇಣ್ತಿ ಜೀವಾ ಹೋಗೇತಿ ಇದರಾಗ. ದಿನಾ ತುಂಬಿದ್ವು ನೀಲವ್ವಗ. ಮಿಶನ್ ದವಾಖಾನಿ ನಲವತ್ತು ಮೈಲಿ. ಊರಿಗೆಲ್ಲಾ ಒಂದ ಗಾಡಿ, ಸಾಲೀದು. ಡ್ರೈವರ್ ಶಬಾನಿ ಅಂತ. ಮಧ್ಯಾಹ್ನ ಹನ್ನೆರಡಕ್ಕ ಅಂವ ಸಾಮಾನು ತರಾಕ ಹೊಂಟಿದ್ದ. ನಿಲ್ಲಿಸಿ, ಅವನ ಭಾಷಾದಾಗ, ಅವನ ಭಾಷಾದಾಗ ರೀ, ಹೇಳಿದೆ. ಸಾ ಅಂಬಿಲಿ. ಎರಡು ಬಟ್ಟು ತೋರಿಸಿದೆ. ಎರಡು ಗಂಟೆಗೆ ಬಾ. ಅಂವ ಗೋಣು ಹಾಕಿ ಹೋದ. ಎರಡಾತು, ಮೂರಾತು. ಬ್ಯಾನಿ ಹೆಚ್ಚಾತು. ಬಾಜೂಮನಿ ಹೆಣ್ಮಗಳು ಬಂದು, ನಾಕು ಜನಾ ಸೇರಿ ಮಂಚದ ಮ್ಯಾಲೆ ದೊಡ್ಡ ರಸ್ತೆಗೆ ಹೊತಗೊಂಡು ಹೋಗೂಣು, ಲಾರಿ ಸಿಗತೈತಿ ಅಂದ್ಲು. ಗಾಡಿ ಬರ್ತೈತಿ, ಬ್ಯಾಡ ಅಂದೆ. ಆರಕ್ಕ ಇಂವ ಹುಟ್ಟಿದ. ರಕ್ತ ನಿಲ್ಲಲಿಲ್ಲ. ಎಂಟಕ್ಕ ಬಂದ ರೀ ಶಬಾನಿ! ಹಲ್ಲು ಕಿಸಕೋತ ಬಂದ. ದಾರ್ಯಾಗ ಆಕಿ ಹೋದ್ಲು.’

‘ಇಂವ’ ಅನ್ನುವಾಗ ನನ್ನ ಕಡೆ ಕೈ ತೋರಿಸುತ್ತಿದ್ದ. ಹೆಂಗಸರು ನನ್ನನ್ನು ನೋಡಿ ಚುಚ್ಚುಚ್ಚು ಅನ್ನುತ್ತಿದ್ದರು. ‘ಸಾ ಅಂಬಿಲಿ’ ಎಂಬ ಮಾತಿಗೆ ಮೊದಲು ‘ಅಂಬಲಿನಾ?’ ಅಂತ ತಮಾಷೆ ಮಾಡಿದ ಗಂಡಸರು ತಲೆ ತಗ್ಗಿಸುತ್ತಿದ್ದರು. ಯಾರಾದರೂ ಕೇಳಿಯೇ ಕೇಳುವರು, ‘ಆಮೇಲೆ ಆ ಡ್ರೈವರ್‌ದು ಏನಾಯ್ತು ಅಂಕಲ್?’

‘ಎರಡು ವರ್ಷ ಜೈಲಿಗೆ ಹಾಕಿಸಿದೆ. ಹೊರಗ ಬಂದು ಸತ್ತನಂತ.’

ಅದನ್ನು ಹೇಳಿ ಅಪ್ಪ ನೀರು ಕುಡಿಯುತ್ತಿದ್ದ. ಆಮೇಲೆ ಎಂಟನೆಯ ಸಾಲು.

ನಾನು ಬೆಳೆದದ್ದೇ ಶಬಾನಿಯ ಮೇಲಿನ ದ್ವೇಷದಲ್ಲಿ. ಕೆಲವರು ದೇವರನ್ನು ನಂಬಿ ಬೆಳೆಯುತ್ತಾರೆ, ನಾನು ಅವನನ್ನು ದ್ವೇಷಿಸಿ. ಏಳು ವರ್ಷದ ತನಕ ರಾಣೇಬೆನ್ನೂರಿನಲ್ಲಿ ಸಾಕಿದ ಅಜ್ಜಿ, ಅವ್ವನ ಅವ್ವ, ನನ್ನ ಬಾಯಿಗೆ ತುತ್ತು ಇಡುವಾಗಲೂ ಅವನಿಗೆ ಶಾಪ ಹಾಕುತ್ತಿದ್ದಳು. ಸತ್ತವನನ್ನು ಹೇಗೆ ಕೊಲ್ಲಬೇಕು ಅಂತ ನಾನು ಮಲಗಿದಲ್ಲಿ ಲೆಕ್ಕ ಹಾಕುತ್ತಿದ್ದೆ. ವಾರೆನ್‌ನ ಹೈಸ್ಕೂಲಿನಲ್ಲಿ ಡೆರೆಕ್ ಅಂತ ಒಬ್ಬ ಕರಿಯ ಹುಡುಗ ಒಂದು ದಿನ ನನ್ನ ನೋಡಿ ನಕ್ಕ. ಬರೀ ನಕ್ಕ. ನನ್ನ ಕಣ್ಣಿಗೆ ಹಲ್ಲು ಕಿಸಿದುಕೊಂಡು ಬಂದವನು ಕಂಡ. ಅವನ ಎರಡು ಹಲ್ಲು ಮುರಿದೆ. ಆಮೇಲೆ ಗೊತ್ತಾಯಿತು, ನನ್ನ ಬೆನ್ನಹಿಂದೆ ನಿಂತಿದ್ದ ಅವನ ತಂಗಿಗೆ ಅವನು ನಕ್ಕದ್ದು ಅಂತ. ನನ್ನ ಓದು ಅಲ್ಲಿಗೇ ಮುಗಿಯಿತು. ಅಪ್ಪ ಬೈಯಲಿಲ್ಲ. ‘ಆತು ಬಿಡು’ ಅಂದ. ಆಗ ಅದು ಪ್ರೀತಿ ಅಂದುಕೊಂಡಿದ್ದೆ.

ಈಗ ವಿಕ್ಸಮ್‌ನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ಬ್ರೇಕಿನ ಸಾಮಾನು. ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಅಲ್ಲಿಗೆ ಬಕಾರಿ ಎಂಬವನು ಕೆಲಸಕ್ಕೆ ಬಂದ. ಟಾಂಜಾನಿಯಾದವನು, ಮೊರೊಗೊರೊದ ಕಡೆಯವನು. ವಯಸ್ಸು ನಲವತ್ತರ ಮೇಲೆ, ಬಹಳ ನಿಧಾನಿ. ಮನೆಯಲ್ಲಿ ಅವನ ಹೆಸರು ಹೇಳಿದಾಗ ಅಪ್ಪ, ‘ಬಕಾರಿ ಅಲ್ಲ, ಭಿಕಾರಿ ಅನ್ನು’ ಅಂದ. ನಾನೂ ನಕ್ಕೆ. ಮೊದಲ ವಾರ ನಾನು ಅವನ ಜೊತೆ ಮಾತಾಡಲಿಲ್ಲ. ಅವನೇ ಬಂದು ಬಂದು ಆರೋಗ್ಯ ವಿಚಾರಿಸುತ್ತಿದ್ದ. ನನ್ನದು, ಅಪ್ಪನದು, ಕೆಲಸದ್ದು, ಕಾರಿನದು. ಎಷ್ಟು ದಿನ ಮುಖ ತಿರುಗಿಸಿಕೊಂಡಿರಲಿ?

ಜುಲೈ ತಿಂಗಳ ಒಂದು ಶುಕ್ರವಾರ, ಊಟದ ಹೊತ್ತಿನಲ್ಲಿ ನನ್ನ ಚೀಲದಲ್ಲಿ ಪಟ್ಟಿಯ ಪ್ರತಿ ಇತ್ತು. ಟಾಂಜಾನಿಯಾಕ್ಕೆ ಟಿಕೆಟ್ ಮಾಡಿಸಿದ್ದ ಹರಿ ಅಂಕಲ್ ಮನೆಗೆ ಅದನ್ನು ಆ ಭಾನುವಾರ ಒಯ್ಯಬೇಕಾಗಿತ್ತು. ಬಕಾರಿ ಅಕ್ಷರ ನೋಡಿ, ‘ಇದೇನು, ಜಿಲೇಬಿಯ ಅಂಗಡಿಯ ಲೆಕ್ಕವೋ?’ ಅಂದ. ನಿನ್ನ ದೇಶಕ್ಕೆ ಹೋಗುವವರಿಗೆ ನಮ್ಮಪ್ಪ ಕೊಡುವ ಬುದ್ಧಿವಾದ ಅಂದೆ. ಓದು ಓದು ಅಂದ. ಒಂದೊಂದೇ ಸಾಲನ್ನು ಇಂಗ್ಲಿಷ್ ಮಾಡಿ ಹೇಳಿದೆ. ಹಳದಿ ಜ್ವರದ ಸೂಜಿಗೆ ತಲೆಯಾಡಿಸಿದ. ಹಳೆಯ ಡಾಲರಿಗೆ ನಕ್ಕ. ಮೊದಲು ಆರೋಗ್ಯ ವಿಚಾರಿಸಿ ಅನ್ನುವುದಕ್ಕೆ, ‘ನಿಮ್ಮಪ್ಪ ಇದನ್ನು ನಿನಗೆ ಮಾತ್ರ ಕಲಿಸಲಿಲ್ಲ ನೋಡು’ ಅಂದ.

ಏಳನೆಯದನ್ನು ಬೇಕೆಂದೇ ಜೋರಾಗಿ ಓದಿದೆ. ಅವನಿಗೆ ಚುಚ್ಚಲಿ ಅಂತ.

ಬಕಾರಿಗೆ ಚುಚ್ಚಲಿಲ್ಲ. ‘ಆರು! ಸರಿಯಾಗಿ ಆರು. ನಿಮ್ಮಪ್ಪನಿಗೆ ನಮ್ಮ ಗಡಿಯಾರ ಗೊತ್ತು. ಹೊತ್ತಿನ ಖಬರಿಲ್ಲ ಅಂತ ಯಾಕೆ ಬರೆದ ಮತ್ತೆ?’

‘ಯಾವ ಗಡಿಯಾರ?’

ಅವನು ರೊಟ್ಟಿ ಕೆಳಗಿಟ್ಟು ತಿಳಿಸಿ ಹೇಳಿದ. ಅವರಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದು ಸುಮಾರು ಆರಕ್ಕೆ, ಮುಳುಗುವುದು ಆರಕ್ಕೆ. ಹಗಲಿನ ಗಂಟೆಯ ಎಣಿಕೆಯೂ ರಾತ್ರಿಯದೂ ಅಲ್ಲಿಂದ ಹೊಸದಾಗಿ ಶುರು. ನಮ್ಮ ಏಳು ಅವರ ಒಂದು. ನಮ್ಮ ಎಂಟು ಅವರ ಎರಡು. ‘ಎಲ್ಲರೂ ಮಲಗಿ ಗೊರಕೆ ಹೊಡೆಯುವಾಗ ಹೊಸ ದಿನ ಹುಟ್ಟಿತು ಅಂತ ಎಣಿಸುವವರು ನೀವು. ಹುಚ್ಚರು ಯಾರು ಹೇಳು.’

ನಾನು ಪಟ್ಟಿ ಮಡಚಿದೆ. ‘ಸಾ ಅಂಬಿಲಿ ಅಂದರೆ?’

‘ಸಾ ಮ್ಬಿಲಿ. ನಮ್ಮ ಎರಡು, ನಿಮ್ಮ ಎಂಟು.’

‘ಮಧ್ಯಾಹ್ನ ಹನ್ನೆರಡಕ್ಕೆ ನಿನ್ನ ನಿಲ್ಲಿಸಿ, ಸಾ ಮ್ಬಿಲಿಗೆ ಗಾಡಿ ತಾ ಅಂದರೆ?’

‘ರಾತ್ರಿ ಎಂಟಕ್ಕೆ ತರುತ್ತೇನೆ. ಎರಡಕ್ಕೆ ಬೇಕಾದರೆ ಸಾ ನಾನೆ, ನಮ್ಮ ಎಂಟು, ಅನ್ನಬೇಕು.’

‘ಎರಡು ಬೆರಳು ತೋರಿಸಿದರೆ?’

‘ಎರಡು ಬೆರಳು ಅಂದರೆ ಎಂಟೇ ಮಾರಾಯ. ಮೂರು ವರ್ಷದ ಕೂಸಿಗೂ ಗೊತ್ತು.’

‘ಹೊರಗಿನಿಂದ ಬಂದವನಿಗೆ?’

‘ಒಂದು ಬಸ್ಸು ತಪ್ಪಿದರೆ ಕಲಿಯುತ್ತಾನೆ. ಆಮೇಲೆ ಸಾಯುವ ತನಕ ಮರೆಯುವುದಿಲ್ಲ.’ ನನ್ನ ಮುಖ ನೋಡಿ ಅವನು ನಗುವುದನ್ನು ನಿಲ್ಲಿಸಿದ. ‘ಏನಾಯಿತು?’

ಹೇಳಿದೆ. ನೂರು ಸಲ ಕೇಳಿದ್ದನ್ನು ಮೊದಲ ಸಲ ನಾನೇ ಹೇಳಿದೆ. ಬಕಾರಿ ನಡುವೆ ಒಂದೇ ಒಂದು ಪ್ರಶ್ನೆ ಕೇಳಿದ, ‘ನಿಮ್ಮಪ್ಪ ಯಾವ ಭಾಷೆಯಲ್ಲಿ ಹೇಳಿದ್ದು?’ ನಿಮ್ಮ ಭಾಷೆಯಲ್ಲೇ, ಅದನ್ನೇ ಹೆಮ್ಮೆಯಿಂದ ಹೇಳುತ್ತಾನೆ ಅಂದೆ. ಅವನು ಡಬ್ಬಿ ಮುಚ್ಚಿದ.

‘ಡ್ರೈವರನ ಹೆಸರು?’

‘ಶಬಾನಿ.’

‘ಶಬಾನಿ ಏನು?’

ಗೊತ್ತಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ನಾನು ಅರ್ಧ ಹೆಸರಿನ ಮನುಷ್ಯನೊಬ್ಬನನ್ನು ದ್ವೇಷಿಸಿದ್ದೆ. ಬಕಾರಿ ಎದ್ದು ಹೋದ. ಆ ಮಧ್ಯಾಹ್ನ ಅವನು ನನ್ನ ಆರೋಗ್ಯ ವಿಚಾರಿಸಲಿಲ್ಲ.

ಸರಿಯಾಗಿ ಆರು. ಐದಲ್ಲ, ಏಳಲ್ಲ. ಖಬರಿಲ್ಲದ ಜನ ಒಂದು ದಿನ ಎರಡು ತಾಸು ತಡಮಾಡುತ್ತಾರೆ, ಒಂದು ದಿನ ಹತ್ತು ತಾಸು. ಲೆಕ್ಕದ ಮಾಸ್ತರನಿಗೆ ಇಷ್ಟು ತಿಳಿಯದೆ ಇರುತ್ತದೆಯೇ? ತಿಳಿದೇ ಬರೆಸಿದ್ದ. ನನ್ನ ಕೈಯಿಂದಲೇ ಟೈಪ್ ಮಾಡಿಸಿದ್ದ.

ಸಂಜೆ ಮನೆಗೆ ಬಂದೆ. ಅನ್ನ, ಸಾರು ಮಾಡಿ ಬಡಿಸಿದೆ. ಉಪ್ಪು ಕಡಿಮೆ ಅಂದ, ಉಪ್ಪು ಕೊಟ್ಟೆ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಏಳನೆಯ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿ, ಐದು ಪ್ರತಿ ತೆಗೆದೆ.

ಹರಿ ಅಂಕಲ್ ವಾರೆನ್‌ನ ಟೆಕ್ನಿಕಲ್ ಸೆಂಟರ್‌ನಲ್ಲಿ ಕಾರಿನ ಸೀಟು ಡಿಸೈನ್ ಮಾಡುವವರು, ಮೈಸೂರಿನವರು. ಹೆಂಡತಿ ನಿರುಪಮಾ ಆಂಟಿ. ಮಕ್ಕಳು ಇಬ್ಬರು, ರಿಷಭ್ ಮತ್ತು ಇಳಾ, ಇಲ್ಲೇ ಹುಟ್ಟಿದವರು. ಭಾನುವಾರ ಹನ್ನೆರಡೂವರೆಗೆ ನಾವು ಹೋದಾಗ ಬಿಸಿಬೇಳೆಬಾತ್ ಸಿದ್ಧವಿತ್ತು. ಹಜಾರದಲ್ಲಿ ಹೊಸ ಸೂಟ್‌ಕೇಸುಗಳು ಸಾಲಾಗಿ ನಿಂತಿದ್ದವು.

‘ಇವು ನಡ್ಯಾಂಗಿಲ್ರಿ’ ಅಂತ ಅಪ್ಪ ಬಾಗಿಲಲ್ಲೇ ಶುರುಮಾಡಿದ. ‘ಸಣ್ಣ ಇಮಾನದಾಗ ಮೆತ್ತನ ಚೀಲಾ ಬೇಕು. ಗಟ್ಟಿ ಪೆಟಗಿ ವಾಪಸ್ ಕಳಸ್ತಾರ.’

‘ನೋಡಿದ್ಯಾ ನಿರೂ? ನಾನು ಹೇಳ್ಲಿಲ್ವಾ, ಅಂಕಲ್‌ನ ಮೊದ್ಲು ಕೇಳು ಅಂತ.’

‘ನೀವೆಲ್ಲಿ ಹೇಳಿದ್ರಿ? ಸೇಲ್ ಇದೆ ತಗೋ ಅಂದಿದ್ದು ನೀವೇ.’

ಊಟವಾಯಿತು. ಅಪ್ಪ ಸೋಫಾದಲ್ಲಿ ಕೂತ. ನಾನು ಪ್ರತಿಗಳನ್ನು ಹಂಚಿದೆ. ಇಳಾ ಹಾಳೆಯನ್ನು ತಲೆಕೆಳಗು ಹಿಡಿದು ಅಣ್ಣನನ್ನು ನಗಿಸಿದಳು. ಅಪ್ಪ ಹಾಳೆ ಮುಟ್ಟಲಿಲ್ಲ. ಕಣ್ಣು ಮುಚ್ಚಿ ಬಾಯಿಪಾಠ ಹೇಳುತ್ತ ಹೋದ. ಒಂದು, ಎರಡು, ಮೂರು. ಹರಿ ಅಂಕಲ್ ಪ್ರತಿ ಸಾಲಿಗೂ ಒಂದು ಗೀಟು ಹಾಕಿದರು. ಏಳಕ್ಕೆ ಬಂದಾಗ ನಗು ಬಂತು, ನಗು ನಿಂತಿತು, ಕಥೆ ಬಂತು. ಎಂಟಕ್ಕೆ ಬಂದ ಶಬಾನಿ ಹಲ್ಲು ಕಿಸಿದ. ನಿರುಪಮಾ ಆಂಟಿ ಕಣ್ಣೊರೆಸಿಕೊಂಡರು. ಅಪ್ಪ ನೀರು ಕುಡಿದು, ‘ಎಂಟನೇದು’ ಅಂದ.

‘ಅಂಕಲ್, ಒಂದ್ನಿಮಿಷ’ ಅಂದರು ಆಂಟಿ. ‘ನಡುವೆ ಒಂದು ಬಿಟ್ರಿ. ಏಳು ಅ ಅಂತ ಇದೆ.’

‘ಏಳು ಅ ಯಾವುದೂ ಇಲ್ಲಲಾ.’

‘ಇದೆಯಲ್ಲ ಅಂಕಲ್, ಓದ್ತೀನಿ ಇರಿ.’ ಕನ್ನಡ ಓದುವ ಅವಕಾಶ ಸಿಕ್ಕಿದ್ದು ಅವರಿಗೆ ಖುಷಿ. ಸ್ಪಷ್ಟವಾಗಿ, ನಿಧಾನವಾಗಿ ಓದಿದರು. ‘ಅಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದಾಗಿನಿಂದ. ಸಾ ಅಂಬಿಲಿ ಎಂದರೆ ಎಂಟು, ಎರಡಲ್ಲ. ಶಬಾನಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ನನ್ನ ಹೆಂಡತಿಯನ್ನು...’ ಅವರ ದನಿ ಸಣ್ಣದಾಯಿತು. ಆದರೆ ಶುರುಮಾಡಿದ ವಾಕ್ಯವನ್ನು ಮುಗಿಸದೆ ಬಿಡುವ ಜಾತಿಯವರಲ್ಲ ಅವರು. ‘ಕೊಂದವನು ನಾನೇ.’

ಇಳಾ ತನ್ನ ಹಾಳೆಯನ್ನು ನೆಟ್ಟಗೆ ಮಾಡಿ ಹಿಡಿದಳು.

‘ವಾಟ್ ಡಸ್ ಇಟ್ ಸೇ?’ ಅಂದಳು ಇಳಾ.

‘ನಥಿಂಗ್ ಪುಟ್ಟ.’

ನಾನು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಪದವನ್ನೂ ಬಿಡಲಿಲ್ಲ. ನಾನು ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಅದು ಒಡೆಯಬೇಕು ಅಂತ ಎರಡು ದಿನದಿಂದ ಕಾದಿದ್ದೆ.

‘ಈಸ್ ದಟ್ ಟ್ರೂ, ಅಂಕಲ್?’

ಅಪ್ಪನ ಮುಖ ಒಡೆಯಲಿಲ್ಲ. ಅವನು ಗ್ಲಾಸನ್ನು ಟೀಪಾಯಿಯ ಮೇಲೆ ಸರಿಯಾಗಿ ನಡುವೆ ಇಟ್ಟ. ‘ಟೈಪಿಂಗ್ ಮಿಸ್ಟೇಕ್’ ಅಂದ. ‘ಹೈಸ್ಕೂಲ ಮುಗಿಸದ ಮಗಾ ನೋಡ್ರಿ. ಯಾಂವೋ ಭಿಕಾರಿ ಏನೋ ಹೇಳ್ಯಾನ, ಬರದಾನ. ಕಾಟು ಹಾಕ್ರಿ ಅದಕ್ಕ.’

ಹರಿ ಅಂಕಲ್ ಕಾಟು ಹಾಕಿದರು. ನನ್ನ ಕಣ್ಣೆದುರಿಗೇ, ಸ್ಕೇಲು ಇಟ್ಟ ಹಾಗೆ ನೆಟ್ಟಗೆ ಗೆರೆ ಎಳೆದು, ಪೆನ್ನನ್ನು ಹೆಂಡತಿಯ ಕೈಗೆ ಕೊಟ್ಟರು. ಆಂಟಿಯೂ ಎಳೆದರು. ರಿಷಭ್ ತನ್ನ ಹಾಳೆಯಲ್ಲಿ ಯಾವ ಸಾಲು ಅಂತ ಕೇಳಿ ತಿಳಿದು ಎಳೆದ. ಅಪ್ಪ ಕಣ್ಣು ಮುಚ್ಚಿದ. ‘ಎಂಟನೇದು. ನೀಲಿ ಅರಿವಿ ಬ್ಯಾಡ.’

ಇಪ್ಪತ್ತಾರನೆಯ ಸಾಲಿನ ತನಕ ಹೇಳಿ ಮುಗಿಸಿಯೇ ಎದ್ದ.

ಕಾರಿನಲ್ಲಿ ಬೆಂಕಿ ಹೊತ್ತಿದ ಹಾಗೆ ಸೆಕೆ. ಹೊರಗೆ ತೊಂಬತ್ತೆರಡು ಡಿಗ್ರಿ ಫ್ಯಾರನ್‌ಹೀಟ್. ಅವರ ಬಡಾವಣೆ ದಾಟಿ ಬಿಗ್ ಬೀವರ್ ರಸ್ತೆಗೆ ಬಂದೆವು.

‘ಯಾವಾಗ ಗೊತ್ತಾತು ನಿನಗ?’ ಅಂದೆ.

ಇಲ್ಲ ಅನ್ನುತ್ತಾನೆ ಅಂದುಕೊಂಡಿದ್ದೆ. ಅನ್ನಲಿಲ್ಲ.

‘ಮೂರನೇ ದಿವಸ.’

‘ಯಾರು ಹೇಳಿದ್ರು?’

‘ಯಾರೂ ಹೇಳಲಿಲ್ಲ. ಹೆಡ್ ಮಾಸ್ತರ್ ಕರಸಿದ. ಶಬಾನಿ ಅಲ್ಲೇ ನಿಂತಿದ್ದ, ಅಳಾಕತ್ತಿದ್ದ. ಹೆಡ್ ಮಾಸ್ತರ್ ಒಂದ ಮಾತು ಕೇಳಿದ. ಬಸಯ್ಯ, ನೀವು ಯಾವ ಭಾಷಾದಾಗ ಹೇಳಿದ್ರಿ? ಯಾಕ ಕೇಳ್ತಾನ ಇದನ್ನ ಅಂತ ಅನಿಸ್ತು. ಗ್ವಾಡಿ ಮ್ಯಾಗ ಗಡಿಯಾರ ಇತ್ತು. ನೋಡಿದೆ. ತಿಳೀತು.’

‘ಏನಂದಿ?’

‘ಇಂಗ್ಲಿಷ್ ಅಂದೆ.’

ಅಷ್ಟೇ. ಒಂದೇ ಪದ. ಶಬಾನಿಗೆ ಇಂಗ್ಲಿಷ್ ಬರುತ್ತಿತ್ತು. ಇಂಗ್ಲಿಷಿನ ಎರಡು ಅಂದರೆ ಎರಡೇ ಅಂತ ಅವನಿಗೂ ಗೊತ್ತಿತ್ತು. ಹಾಗಾದರೆ ಆರು ತಾಸು ಗಾಡಿ ಎಲ್ಲಿತ್ತು ಎಂಬ ಪ್ರಶ್ನೆ ಹುಟ್ಟಿತು. ಶಾಲೆಯ ಪೆಟ್ರೋಲು ಮಾರಿದ ಅಂತ ಕೇಸು ಬರೆದರು.

‘ಮಾರಿದ್ನಾ?’

‘ಇಲ್ಲ. ಟಾಕಿ ತುಂಬಿತ್ತು. ನಿಮ್ಮವ್ವನ್ನ ಮಲಗಿಸುವಾಗ ಪೆಟ್ರೋಲ್ ಮುಳ್ಳು ನೋಡಿದ್ದೆ.’

‘ಅದನ್ನ ಯಾರಿಗೂ ಹೇಳಲಿಲ್ಲ ನೀನು.’

‘ಯಾರೂ ಕೇಳಲಿಲ್ಲ.’

‘ಮಕ್ಕಳಿದ್ವಾ ಅವಗ?’

‘ಐದು.’ ತಡವರಿಸಲಿಲ್ಲ. ಅಂಗಡಿಯವನು ಬೆಲೆ ಹೇಳಿದ ಹಾಗೆ ಹೇಳಿದ. ಎಷ್ಟು ವರ್ಷದಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದನೋ.

‘ಪೂರ್ತಿ ಹೆಸರೇನು?’

‘ನೆನಪಿಲ್ಲ.’

ನಾನು ಸ್ಟೇರಿಂಗ್ ಗುದ್ದಿದೆ. ‘ಯಾಕ? ಯಾಕ ಅಂದಿ ಇಂಗ್ಲಿಷ್ ಅಂತ?’

‘ನಿಮ್ಮ ಅಜ್ಜಿಗೆ ಪತ್ರಾ ಬರೀಬೇಕಿತ್ತು’ ಅಂದ ಅಪ್ಪ. ಅವನ ದನಿ ಮೊದಲ ಸಲ ಸ್ವಲ್ಪ ಏರಿತು. ‘ಏನಂತ ಬರೀಲಿ? ನಿನ್ನ ಮಗಳನ್ನ ನಾನ ಕೊಂದೆ, ಮೊಮ್ಮಗನ್ನ ಕಳಸಾಕತ್ತೀನಿ, ಸಾಕು ಅಂತ ಬರೀಲಾ? ಮೂರು ದಿವಸದ ಕೂಸು ನೀನು. ಎಮ್ಮಿ ಹಾಲೂ ಸಿಗತಿರಲಿಲ್ಲ. ಆಕಿ ನನ್ನ ಮಾರಿ ನೋಡತಿದ್ದಳಾ? ನಿನ್ನ ಮಾರಿ ನೋಡತಿದ್ದಳಾ? ಅಂವಗ ಐದು ಮಕ್ಕಳು, ಸಾಕಾಕ ಊರಿತ್ತು. ನಿನಗ ಯಾರಿದ್ರು?’

‘ನನಗಾಗಿ ಮಾಡಿದಿ ಅಂತ ಹೇಳಬ್ಯಾಡ.’

‘ಹೇಳಾಕತ್ತಿಲ್ಲ. ನನಗಾಗೇ ಮಾಡಿದೆ. ನಿನಗೂ ಉಪಯೋಗ ಆತು.’

‘ಡೆರೆಕ್‌ನ ಹಲ್ಲು ಮುರದಾಗ ಹೇಳಬಹುದಿತ್ತು.’

‘ಹಲ್ಲು ತಿರಗಿ ಬರತಿದ್ವಾ?’

  ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ‘ಸಿಟ್ಟು ಬಂದೈತಿ ನಿನಗ. ಇಳೀತೈತಿ. ಬರೂ ಐತ್ವಾರ ಶ್ರೀಧರ್ ಅವರು ಊಟಕ್ಕ ಕರದಾರ. ಅಷ್ಟರಾಗ ಆ ಸಾಲು ತಗದು ಹೊಸಾ ಪ್ರತಿ ಮಾಡು.’

ನಾನು ಕಾರು ತಿರುಗಿಸಿದೆ. ಈ ರಾಜ್ಯದ ದೊಡ್ಡ ರಸ್ತೆಗಳಲ್ಲಿ ನೆಟ್ಟಗೆ ಎಡಕ್ಕೆ ತಿರುಗುವಂತಿಲ್ಲ. ಮುಂದೆ ಹೋಗಿ, ಯೂ-ಟರ್ನ್ ಹೊಡೆದು, ವಾಪಸ್ಸು ಬರಬೇಕು. ಅಷ್ಟು ದೂರ ಹೋಗುವ ತನಕ ಅಪ್ಪನಿಗೆ ತಿಳಿಯಲಿಲ್ಲ. ತಿಳಿದಾಗ, ‘ಎಲ್ಲಿ ಹೊಂಟಿ?’ ಅಂದ.

‘ಹರಿ ಅಂಕಲ್ ಮನಿಗೆ. ಈಗ ನನಗ ಹೇಳಿದ್ದನ್ನ ಅವರಿಗೆ ಹೇಳು. ಮಿಸ್ಟೇಕ್ ಅಲ್ಲ ಅಂತ ಹೇಳು. ಅಷ್ಟು ಹೇಳಿದ್ರ ನಾ ನಿನ್ನ ಮನಿಗೆ ಕರಕೊಂಡು ಹೋಗತೀನಿ. ಇಲ್ಲಂದ್ರ ಇಲ್ಲ.’

‘ಮಲ್ಯಾ, ಹುಚ್ಚರಂಗ ಆಡಬ್ಯಾಡ.’

ಡ್ರೈವ್‌ವೇಯಲ್ಲಿ ಅವರ ವ್ಯಾನಿನ ಹಿಂದೆಯೇ ನಿಲ್ಲಿಸಿ ಹಾರ್ನ್ ಹೊಡೆದೆ. ಹರಿ ಅಂಕಲ್ ಹೊರಗೆ ಬಂದರು, ಕೈಯಲ್ಲಿ ಇನ್ನೂ ಪಟ್ಟಿಯಿತ್ತು. ಹಿಂದೆ ನಿರುಪಮಾ ಆಂಟಿ. ಬಾಗಿಲಲ್ಲಿ ಇಳಾ ನಿಂತಳು.

‘ಏನು ಅಂಕಲ್, ಏನಾದ್ರೂ ಮರೆತ್ರಾ?’

ಅಪ್ಪ ಮುಂದೆ ನೋಡುತ್ತ ಕೂತಿದ್ದ. ಅವನ ಕಡೆಯ ಗಾಜು ಏರಿಸಿತ್ತು. ನಾನು ಇಳಿದು ಎಲ್ಲವನ್ನೂ ಹೇಳಿದೆ. ಹೆಡ್ ಮಾಸ್ತರ್, ಗಡಿಯಾರ, ಇಂಗ್ಲಿಷ್, ತುಂಬಿದ ಟಾಕಿ, ಐದು ಮಕ್ಕಳು. ಒಂದು ಸಲ ಹೇಳಿ, ಅವರು ಸುಮ್ಮನೆ ನಿಂತದ್ದು ನೋಡಿ, ಮತ್ತೆ ಮೊದಲಿಂದ ಹೇಳಿದೆ. ಕೂಗಿದೆ. ಎದುರು ಮನೆಯ ಬಿಳಿಯ ಮುದುಕ ಹುಲ್ಲು ಕತ್ತರಿಸುವ ಮಶೀನು ನಿಲ್ಲಿಸಿ ನೋಡಿದ.

‘ಮಲ್ಲಿ, ಮೆಲ್ಲಗೆ ಮಾತಾಡಪ್ಪ’ ಅಂದರು ಆಂಟಿ. ‘ನೈಬರ್ಸ್ ನೋಡ್ತಿದಾರೆ. ಹಳೇದೆಲ್ಲ ಯಾಕೆ ಕೆದಕ್ತೀಯ? ಒಬ್ರೇ ನಿನ್ನ ಬೆಳೆಸಿದಾರೆ ಅವ್ರು. ಇನ್ನೊಂದು ಮದ್ವೆ ಕೂಡ ಆಗ್ಲಿಲ್ಲ.’

‘ಒಬ್ಬ ಎರಡು ವರ್ಷ ಜೈಲಿನಲ್ಲಿ ಕೊಳೆತು, ಹೊರಗೆ ಬಂದು ಸತ್ತ ಆಂಟಿ!’

‘ಅಯ್ಯೋ ಪಾಪ, ಹೌದು. ನಾನು ಇಲ್ಲ ಅನ್ನಲ್ಲ.’ ಅವರು ನಿಜವಾಗಿ ನೊಂದುಕೊಂಡೇ ಹೇಳಿದರು. ‘ಆದ್ರೆ ಈಗ ಏನ್ ಮಾಡೋಕಾಗುತ್ತೆ ಹೇಳ್ಪಾ? ಒಳಗ್ಬಾ, ಮಜ್ಜಿಗೆ ಕುಡಿ.’

ಹರಿ ಅಂಕಲ್ ಪಟ್ಟಿಯನ್ನು ನೋಡುತ್ತಿದ್ದರು. ‘ನನಗೆ ಒಂದೇ ಡೌಟು. ಬೇಜಾರ್ ಮಾಡ್ಕೋಬೇಡ. ಈಗ ಆರು ಗಂಟೆ ಸೇರಿಸ್ಬೇಕೋ ಬೇಡ್ವೋ? ಯಾಕಂದ್ರೆ ಅಲ್ಲಿ ಅರುಷಾ ಊರಿಂದ ನಮ್ದು ಬಸ್ ಬೇರೆ ಇದೆ.’



ಆಗ ಗಾಜು ಇಳಿಯಿತು. ಪೂರ್ತಿ ಅಲ್ಲ, ನಾಲ್ಕು ಬೆರಳು. ಇಳಾ ಎರಡು ಹೆಜ್ಜೆ ಮುಂದೆ ಬಂದಳು. ಹೇಳುತ್ತಾನೆ, ಈಗ ಹೇಳಿಯೇ ಬಿಡುತ್ತಾನೆ ಅಂತ ನನಗೆ ಅನ್ನಿಸಿತು. 

‘ಹರಿಯವರ’ ಅಂದ ಅಪ್ಪ. ಅದೇ ಮಾಸ್ತರನ ದನಿ. ‘ಕೂಡಿಸಾಕ ಹೋಗಬ್ಯಾಡ್ರಿ, ಕಳಿಯಾಕೂ ಹೋಗಬ್ಯಾಡ್ರಿ. ಅವರ ಭಾಷಾ ಆಡೂದ ಬ್ಯಾಡ. ಇಂಗ್ಲಿಷ್‌ನ್ಯಾಗ ಹೇಳ್ರಿ. ಇಂಗ್ಲಿಷ್‌ನ್ಯಾಗ ಎರಡು ಅಂದ್ರ ಎಲ್ಲಾರಿಗೂ ಎರಡ. ಮ್ಯಾಲೆ ಒಂದು ಚೀಟ್ಯಾಗ ಬರದು ಅವನ ಕೈಯಾಗ ಕೊಡ್ರಿ. ಯಾವ ತಕರಾರೂ ಬರಾಂಗಿಲ್ಲ.’

‘ಸೂಪರ್ ಅಂಕಲ್. ಇದು ಪ್ರಾಕ್ಟಿಕಲ್.’ ಹರಿ ಅಂಕಲ್ ಕಾರಿನ ಬಾನೆಟ್ಟಿನ ಮೇಲೆ ಹಾಳೆಯಿಟ್ಟರು. ಬಾನೆಟ್ಟು ಕಾದಿತ್ತು, ಕೈ ಸುಟ್ಟುಕೊಂಡರು, ಆದರೂ ಬರೆದರು. ಕಾಟು ಹಾಕಿದ ನನ್ನ ಸಾಲಿನ ಪಕ್ಕದಲ್ಲಿ ಜಾಗವಿತ್ತು, ಅಲ್ಲೇ ಬರೆದರು. ‘ನೆಕ್ಸ್ಟ್ ಟೈಮ್ ಇದನ್ನ ಲಿಸ್ಟ್‌ಗೇ ಹಾಕ್ಬಿಡು ಮಲ್ಲಿ.’

ಅಪ್ಪ ನನ್ನನ್ನು ನೋಡಿದ. ಪೊರೆ ಬಂದ ಕಣ್ಣಿಗೆ ನಾನು ಎಷ್ಟು ಕಂಡೆನೋ ಗೊತ್ತಿಲ್ಲ. ‘ಗಾಡ್ಯಾಗ ಕೂಡ್ರು’ ಅಂದ. ‘ಹೋಗೂಣು. ಬಿಸಲಾಗೇತಿ.’

ಕೀಲಿ ಕಾರಿನಲ್ಲೇ ಇತ್ತು, ಇಂಜಿನ್ ಓಡುತ್ತಿತ್ತು. ನಾನು ಹತ್ತಲಿಲ್ಲ. ಡ್ರೈವ್‌ವೇ ದಾಟಿ ಬೀದಿಗೆ ಬಂದೆ. ಈ ಊರಿನಲ್ಲಿ ಕಾರಿಲ್ಲದೆ ಎಲ್ಲಿಗೂ ಹೋಗಲಾಗುವುದಿಲ್ಲ, ಕಾಲುದಾರಿಯೂ ಎಲ್ಲ ಕಡೆ ಇಲ್ಲ. ಹುಲ್ಲಿನ ಮೇಲೆ ನಡೆದೆ. ಹಿಂದಿನಿಂದ ಅಪ್ಪ ಒಂದು ಸಲ ನನ್ನ ಹೆಸರು ಹಿಡಿದು ಕರೆದ. ಪೂರ್ತಿ ಹೆಸರು, ಮಲ್ಲಯ್ಯ ಅಂತ. ಎರಡನೆಯ ಸಲ ಕರೆಯಲಿಲ್ಲ.

ಎರಡು ಮನೆ ದಾಟಿದ ಮೇಲೆ ಹರಿ ಅಂಕಲ್ ಕೂಗಿದ್ದು ಕೇಳಿಸಿತು.

‘ಏಯ್ ಮಲ್ಲಿ! ಗಾಡಿ ಅಡ್ಡ ನಿಲ್ಸಿದೀಯ ಕಣೋ! ಆಂಟಿ ಗ್ರೋಸರಿಗೆ ಹೋಗ್ಬೇಕು!’